ಡ್ರಮ್ಮಿನ ಹಿಂದಿನಿಂದ ಕಾಣುವ ಕುರ್ಚಿ

ನನ್ನ ತಮ್ಮ ಈ ಊರಿನ ಸಿಂಫನಿ ಆರ್ಕೆಸ್ಟ್ರಾದಲ್ಲಿ ಮೊದಲ ಸಲ ಬಾರಿಸಿದ ಸಂಜೆ ನಾನು ಸಭಾಂಗಣದ ಒಳಗೆ ಇರಲಿಲ್ಲ. ಇದ್ದೆ ಎಂದು ಅವನಿಗೆ ಹೇಳಿದೆ.

ಗಂಡನಿಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದ್ದರಿಂದ ಐರ್ಲೆಂಡಿಗೆ ಬಂದವಳು ನಾನು. ಓದಿದ್ದು ಏಳನೇ ಕ್ಲಾಸು. ತಮ್ಮ ಇಂಜಿನಿಯರ್. ಹುಡುಗನಾಗಿದ್ದಾಗ ಉಡುಪಿ ಕಡೆಯ ಯಕ್ಷಗಾನಗಳಲ್ಲಿ ಚೆಂಡೆ ಬಾರಿಸಿದ ಕೈ ಅವನದು. ಇಲ್ಲಿ ಹಗಲೆಲ್ಲ ಕಂಪ್ಯೂಟರ್ ಮುಂದೆ ಕೂತು, ಸಂಜೆ ಆರ್ಕೆಸ್ಟ್ರಾದ ದೊಡ್ಡ ತಾಮ್ರದ ಡ್ರಮ್ಮುಗಳನ್ನು ಕಲಿತ.

"ಎಂಟು ಗಂಟೆಗೆ ಶುರು. ಭಾವನಿಗೆ ಡ್ಯೂಟಿ ಅಂತೆ, ನೀನಾದ್ರೂ ಬರ್ಲೇಬೇಕು ಅಕ್ಕ. ನನ್ನವರೂಂತ ಮತ್ಯಾರಿದ್ದಾರೆ ಇಲ್ಲಿ?" ಎಂದು ಟಿಕೆಟ್ ಕೊಟ್ಟಿದ್ದ.

ನಮ್ಮ ಯಕ್ಷಗಾನದ ಆಟದ ಲೆಕ್ಕದಲ್ಲಿ ಎಂಟು ಗಂಟೆ ಎಂದರೆ ಚೆಂಡೆ ಬಡಿದು ಊರವರನ್ನು ಕರೆಯುವ ಹೊತ್ತು. ರಾಜ ವೇಷ ರಂಗಕ್ಕೆ ಬರುವುದು ಇನ್ನು ಯಾವಾಗಲೋ. ನಾನು ಗೋಳಿಬಜೆ ಕರಿದು ಡಬ್ಬಿಗೆ ತುಂಬಿ, ಸೀರೆಯ ಮೇಲೆ ಕೋಟು ಹಾಕಿಕೊಂಡು ನಿಧಾನವಾಗಿ ಹೋದೆ. ಬಾಗಿಲು ಮುಚ್ಚಿತ್ತು. ಟಿಕೆಟ್ ನೋಡುವ ಅಜ್ಜ ತುಟಿಗೆ ಬೆರಳಿಟ್ಟರು. ಮೊದಲ ಭಾಗ ಮುಗಿಯುವವರೆಗೆ ಯಾರನ್ನೂ ಒಳಗೆ ಬಿಡುವಂತಿಲ್ಲವಂತೆ.

"ಗ್ರ್ಯಾಂಡ್, ಪರವಾಗಿಲ್ಲ, ಇಲ್ಲೇ ಕೂತ್ಕೊಳ್ಳಿ," ಎಂದು ಬೆಂಚು ತೋರಿಸಿದರು.

ಸಂಕೋಚಕ್ಕೆ ಡಬ್ಬಿ ತೆರೆದು ಮುಂದೆ ಹಿಡಿದೆ. ಒಂದು ಗೋಳಿಬಜೆ ಒಳಗೆ ಹೋಯಿತು, ಅಜ್ಜನ ಮಾತು ಹೊರಗೆ ಬಂತು. ಈ ಕಟ್ಟಡ ಮೊದಲು ಬೆಣ್ಣೆಯ ಉಗ್ರಾಣವಾಗಿತ್ತು. ಆಮೇಲೆ ಡಾನ್ಸ್ ಹಾಲ್ ಆಯಿತು. ಅವರ ಅಪ್ಪ ಅಮ್ಮ ಒಬ್ಬರನ್ನೊಬ್ಬರು ನೋಡಿದ್ದು ಇಲ್ಲೇ. ಆರ್ಕೆಸ್ಟ್ರಾ ಕಟ್ಟಿದವರು ಒಬ್ಬ ಬೇಕರಿಯವನು, ನಾಲ್ಕಾರು ಶಾಲೆ ಟೀಚರುಗಳು, ಬಂದರಿನ ಬ್ಯಾಂಡಿನವರು. ಅಭ್ಯಾಸ ಬೇಕರಿಯ ಮಾಳಿಗೆಯಲ್ಲಿ, ಪಿಟೀಲುಗಳ ಮೇಲೆಲ್ಲ ಹಿಟ್ಟು. ಕೊನೆಗೆ ಈ ಹಾಲ್ ಸಿಕ್ಕಿದಾಗ ಮಾಡು ಸೋರುತ್ತಿತ್ತು, ಹನಿ ಸರಿಯಾಗಿ ಡ್ರಮ್ಮಿನ ಮೇಲೇ ಬೀಳುತ್ತಿತ್ತು.

"ಅದೂ ತಾಳ ತಪ್ಪಿ! ಆಗಿನ ಡ್ರಮ್ಮರ್ ನಾನೇ," ಎಂದು ನಕ್ಕರು.

ಅಷ್ಟರಲ್ಲಿ ಒಳಗಿನ ಡ್ರಮ್ಮಿನ ಸದ್ದಿಗೆ ಕೂತ ಬೆಂಚು ನಡುಗಿತು. ಅಜ್ಜ ಬಾಗಿಲ ಕಡೆ ಕಿವಿಕೊಟ್ಟರು. "ಹೊಸಬ. ಒಳ್ಳೇ ಕೈ."

ತಡವಾಗಿ ಬಂದು ಹೊರಗೆ ಕೂತವಳಿಗೆ ಅವನು ನನ್ನ ತಮ್ಮ ಎನ್ನಲು ನಾಚಿಕೆಯಾಯಿತು. ಬಾಗಿಲು ತೆರೆದು ನಾನು ಒಳಗೆ ಹೋದಾಗ ಎರಡನೇ ಭಾಗದಲ್ಲಿ ಅವನ ಡ್ರಮ್ಮಿಗೆ ಕೆಲಸವೇ ಇರಲಿಲ್ಲ, ಅವನೂ ರಂಗದ ಮೇಲಿರಲಿಲ್ಲ.

"ಹೇಗಾಯ್ತಕ್ಕ?" ಎಂದ, ಮುಗಿದ ಮೇಲೆ.

"ಭಾರೀ ಲಾಯ್ಕ ಆಯ್ತು ಮಾರಾಯ. ನಿನ್ನ ಮೇಲಿಂದ ಕಣ್ಣೇ ತೆಗೀಲಿಲ್ಲ ನಾನು."

"ಹೌದಾ?" ಎಂದ. ಅಷ್ಟೇ.

ಆ 'ಹೌದಾ' ನನ್ನನ್ನು ಬಿಡಲಿಲ್ಲ. ಅವನು ಊಟಕ್ಕೆ ಬಂದ ಒಂದು ಭಾನುವಾರ, ಸಾರು ಬಡಿಸುತ್ತ ಎಲ್ಲ ಹೇಳಿಬಿಟ್ಟೆ.

"ಗೊತ್ತುಂಟು," ಎಂದ, ತಟ್ಟೆಯಿಂದ ತಲೆಯೆತ್ತದೆ. "ಬೇರೆಯವರಿಗೆಲ್ಲ ಕೈತುಂಬ ಕೆಲಸ. ನಾನು ಹಿಂದೆ ನಿಂತು ತಾಳ ಎಣಿಸ್ತಾ ನನ್ನ ಸರದಿ ಕಾಯೋದು. ಎದುರಿಗೆ ಇಡೀ ಹಾಲ್ ಕಾಣ್ತದೆ. ನಿನ್ನ ಖಾಲಿ ಕುರ್ಚಿ ನೋಡ್ತಾ ಎಣಿಕೆಯೇ ತಪ್ತಿತ್ತು ಒಮ್ಮೆ."

ನಾನು ಸೌಟು ಕೆಳಗಿಟ್ಟೆ. "ಮತ್ಯಾಕೆ ಕೇಳಿದ್ದು ಹೇಗಾಯ್ತೂಂತ?"

"ನೀನೆಂತ ಹೇಳ್ತಿ ನೋಡುವಾಂತ." ಈಗ ನಕ್ಕ. "ಸೀರೆಯವರು ತಂದ ತಿಂಡೀಂತ ಆ ಅಜ್ಜ ಹೊಗಳಿದ್ದೇ ಹೊಗಳಿದ್ದು. ನನಗೆ ಒಂದಾದ್ರೂ ಇಟ್ಟಿದ್ಯಾ?"

ಮುಂದಿನ ಕಛೇರಿಗೆ ನಾನು ಹೋದಾಗ ಇನ್ನೂ ಬಾಗಿಲೇ ತೆರೆದಿರಲಿಲ್ಲ. ಅಜ್ಜ ಡಬ್ಬಿಗೆ ಕೈ ಚಾಚಿದರು. "ಮೊದಲು ತಮ್ಮನಿಗೆ," ಎಂದೆ. ನಾನು ಒಳಗೆ ಹೋಗಿ ಕೂತ ಮೇಲೆ ತಮ್ಮ ಬಂದು ಡ್ರಮ್ಮುಗಳ ಹಿಂದೆ ನಿಂತ, ನನ್ನ ಕುರ್ಚಿಯ ಕಡೆ ನೋಡಿದ. ಕೈ ಬೀಸಬೇಕು ಎನಿಸಿತು. ಬೀಸಲಿಲ್ಲ. ಅವನು ಆಗಲೇ ಎಣಿಸಲು ಶುರುಮಾಡಿದ್ದರೆ?