ಮೆಜೆಸ್ಟಿಕ್ ನೆಲದಡಿಯಲ್ಲಿ ಅಕ್ಕನ ಡಬ್ಬಿ

ಟಪ್. ಅಕ್ಕನ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆಯುವಾಗ ಬರುತ್ತಿದ್ದ ಶಬ್ದ ಅದು. ಮುಚ್ಚಳ ಒಂದು ಕಡೆ ನೆಗ್ಗಿತ್ತು, ಹೆಬ್ಬೆರಳಿನಿಂದ ಒತ್ತಿದರೆ ಮಾತ್ರ ಬಿಡುತ್ತಿತ್ತು. ಮೆಜೆಸ್ಟಿಕ್ ಮೆಟ್ರೋ ಸ್ಟೇಷನ್ನಿನ ನೆಲದಡಿಯಲ್ಲಿ, ನೇರಳೆ ಲೈನಿನಿಂದ ಹಸಿರಿಗೆ, ಹಸಿರಿನಿಂದ ನೇರಳೆಗೆ ಜನ ನುಗ್ಗುವ ಗದ್ದಲದಲ್ಲೂ ಆ ಟಪ್ ನನಗೆ ಕೇಳಿಸುತ್ತಿತ್ತು. ಕೇಳಿಸಿದ ಕೂಡಲೇ ನಾನು ಡಬ್ಬಿಯೊಳಗೆ ನೋಡುತ್ತಿರಲಿಲ್ಲ. ಅವಳ ಬ್ಯಾಗಿನೊಳಗೆ ಬೇರೇನಿದೆ ಎಂದು ಇಣುಕುತ್ತಿದ್ದೆ.

ನಾವು ಮಂಡ್ಯದ ಪಕ್ಕದ ಹೊಳಲಿನವರು, ಇಬ್ಬರೇ ಅಕ್ಕತಂಗಿಯರು. ಅಕ್ಕ ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟು ಅವ್ವನ ಜೊತೆ ಗದ್ದೆಗೆ ಇಳಿದಳು, ನನ್ನನ್ನು ಮೈಸೂರಿನ ಕಾನ್ವೆಂಟ್ ಹಾಸ್ಟೆಲಿಗೆ ಕಳಿಸಿದರು. ಹಾಗಾಗಿ ನನಗೆ ಇಂಗ್ಲಿಷ್ ಬಂತು, ಅವಳಿಗೆ ಮಿಕ್ಕಿದ್ದೆಲ್ಲ ಬಂತು. ಅವ್ವ ಹೋದಮೇಲೆ ಹೊಳಲಿನ ಮನೆಯ ಮಾತು ಎದ್ದಿತು. ಮಾರಬೇಕು ಎಂದು ಅಕ್ಕ, ಮಾರಕೂಡದು ಎಂದು ನಾನು. ಮಾತಿಗೆ ಮಾತು ಬೆಳೆದು ಅವಳು, "ಇನ್ನು ನಿನ್ ಮನೆ ಒಸ್ಲು ತುಳಿಯಾಕಿಲ್ಲ ಕಣೇ, ಓಗು" ಅಂದಳು. ನಾನು "ಫೈನ್, ನಾನೂ ಬರೋಲ್ಲ" ಅಂದೆ. ಆ ಫೈನ್ ನಾಲ್ಕು ವರ್ಷ ನಡೆಯಿತು.

ಆಮೇಲೆ ನನ್ನ ರೆಟಿನಾ ಕೈಕೊಟ್ಟಿತು. ತಿಂಗಳಿಗೊಮ್ಮೆ ನಾನಿದ್ದ ಮಂಡ್ಯದಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಕಣ್ಣಿಗೆ ಇಂಜೆಕ್ಷನ್. ಅಷ್ಟು ಹೊತ್ತಿಗೆ ಅಕ್ಕ ಬೆಂಗಳೂರಿನಲ್ಲಿ ಮಗಳ ಮನೆಗೆ ಬಂದಿದ್ದಳು, ಹಸಿರು ಲೈನಿನ ಕಡೆ. ಸುದ್ದಿ ಕೇಳಿ ಅವಳೇ ಫೋನು ಮಾಡಿದಳು.

"ಒಸ್ಲು ತುಳಿಯಾಕಿಲ್ಲ ಅಂದಿವ್ನಿ, ಮಾತು ತಪ್ಪಾಕಿಲ್ಲ. ಆ ಮೆಟ್ರೋ ಟೇಸನ್ಗೆ ಒಸ್ಲು ಇಲ್ವಲ್ಲ. ಅಲ್ಗೆ ಬತ್ತೀನಿ."

ಹಾಗೆ ಶುರುವಾಯಿತು. ಆಸ್ಪತ್ರೆಯಿಂದ ಬರುವಾಗ ನಾನು ರೈಲ್ವೇ ಸ್ಟೇಷನ್ನಿಗೆ ಒಂದು ಸ್ಟಾಪು ಮುಂಚೆ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತಿದ್ದೆ. ಗೇಟಿನ ಹೊರಗೆ ಹೋಗುವಂತಿಲ್ಲ, ಹೋದರೆ ಮತ್ತೆ ಟಿಕೆಟ್. ಒಳಗೇ, ಕಂಬದ ಪಕ್ಕದ ಸ್ಟೀಲ್ ಬೆಂಚಿನಲ್ಲಿ ಅವಳು ಕಾಲು ಮೇಲೆ ಮಡಚಿಕೊಂಡು ಕೂತಿರುತ್ತಿದ್ದಳು, ಹೊಳಲಿನ ಜಗಲಿಯ ಮೇಲೆ ಕೂತ ಹಾಗೆ. ಎಸ್ಕಲೇಟರ್ ಮೇಲೆ ಮಾತ್ರ ಕಾಲಿಡುತ್ತಿರಲಿಲ್ಲ. "ನಡ್ಯೋ ಮೆಟ್ಲನ್ನ ನಂಬಬ್ಯಾಡ. ನಿಂತಿರೋದು ನಮ್ಗೆ ಸಾಕು" ಅನ್ನುವಳು. ಮುಡಿಯಲ್ಲಿ ಯಾವಾಗಲೂ ಒಂದು ತುಂಡು ಕನಕಾಂಬರ. ಡಬ್ಬಿಯಲ್ಲಿ ಒಮ್ಮೆ ಕಜ್ಜಾಯ, ಒಮ್ಮೆ ಹಿದುಕಿದ ಅವರೆಬೇಳೆ, ಒಮ್ಮೆ ಹುಣಸೆ ತೊಕ್ಕು. ಮುಚ್ಚಳ ತೆಗೆದು ತೋರಿಸುವಳು, ಮತ್ತೆ ಮುಚ್ಚಿ ನನ್ನ ಕೈಗಿಡುವಳು. ಮುಂದಿನ ತಿಂಗಳು ನಾನು ಡಬ್ಬಿ ವಾಪಸ್ಸು ಕೊಡಬೇಕು, ಒಳಗೆ ಒಂದು ಅಚ್ಚು ಬೆಲ್ಲ ಹಾಕಿ; ಅವಳು ಅದರ ಜೋಡಿ ಡಬ್ಬಿಯಲ್ಲಿ ಹೊಸ ತಿಂಡಿ ತಂದಿರುವಳು. ಕೊಟ್ಟವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದು ನಮ್ಮಲ್ಲಿ ಇಲ್ಲ. ಬರಿ ಪಾತ್ರೆ ಕೊಟ್ಟರೆ ಇನ್ನು ನಿನ್ನ ಸಹವಾಸ ಸಾಕು ಎಂದು ಬಾಯಿಬಿಟ್ಟು ಹೇಳಿದ ಹಾಗೆ.

ಇದೆಲ್ಲ ಸ್ವೀಟಾಗಿಯೇ ಇತ್ತು, ಮದ್ದೂರಿನ ಸೋದರತ್ತೆಯ ಮಗಳು ಫೋನು ಮಾಡುವವರೆಗೆ.

"ನಿಮ್ಮಕ್ಕ ಮನೆ ಮಾರಾಕೆ ಪೇಪರ್ ರೆಡಿ ಮಾಡಿಸ್ತಾವ್ಳಂತೆ ಕಣಮ್ಮ. ಕಣ್ಗೆ ಡ್ರಾಪ್ಸ್ ಆಕಿಸ್ಕೊಂಡ್ ಬಂದಾಗ ಎಲ್ಲಾದ್ರೂ ಸೈನ್ ಆಕ್ಬುಟ್ಟೀಯ, ಉಷಾರು!"

ಸಸ್ಪಿಷನ್ ಎಂಬುದು ಬೆಲ್ಲಕ್ಕೆ ಬಂದ ಇರುವೆ, ಒಂದು ಕಂಡರೆ ಹಿಂದೆ ಸಾಲೇ ಇರುತ್ತದೆ. ಹೌದಲ್ಲ, ಡ್ರಾಪ್ಸ್ ಹಾಕಿದ ದಿನ ಹತ್ತಿರದ ಅಕ್ಷರ ಒಂದೂ ಕಾಣುವುದಿಲ್ಲ. ದೂರದ ಬೋರ್ಡು ಓದಬಲ್ಲೆ, ಕೈಯಲ್ಲಿರುವ ಟಿಕೆಟ್ ಓದಲಾರೆ. ಅಕ್ಕ ಯಾಕೆ ಯಾವಾಗಲೂ ಆಸ್ಪತ್ರೆ ಮುಗಿದ ಮೇಲೇ ಬರುತ್ತಾಳೆ? ಬೆಳಿಗ್ಗೆ ಯಾಕೆ ಬರುವುದಿಲ್ಲ? ಬೆಳಿಗ್ಗೆ ಬಾ ಎಂದು ನಾನು ಕರೆದಿರಲಿಲ್ಲ ಎಂಬುದು ಆಗ ತಲೆಗೆ ಹೊಳೆಯಲಿಲ್ಲ. ಅವಳ ಬ್ಯಾಗಿನಲ್ಲಿ ಏನಿದೆ ಎಂದು ಸೆಕ್ಯುರಿಟಿಯ ಎಕ್ಸ್‌ರೇ ಮೆಷಿನ್ನಿನವನಿಗೆ ಗೊತ್ತು, ಒಡಹುಟ್ಟಿದ ನನಗೆ ಗೊತ್ತಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಅವಳು ಕೊಟ್ಟ ತಿಂಡಿಯನ್ನು ರೈಲಿನಲ್ಲಿ ಯಾರಿಗಾದರೂ ದಾಟಿಸತೊಡಗಿದೆ. ಅವಳ ಉಪ್ಪು ತಿಂದು ಆಮೇಲೆ ಇಲ್ಲ ಅನ್ನುವುದು ಹೇಗೆ?

ಕೊನೆಗೆ ಒಂದು ಸಲ, ಮಂಡ್ಯದಲ್ಲಿ ಮನೆ ಬಿಡುವಾಗ ಡಬ್ಬಿಗೆ ಬೆಲ್ಲ ಹಾಕಲಿಲ್ಲ. ಮರೆತದ್ದಲ್ಲ. ಬೆಲ್ಲದ ಅಚ್ಚು ಕೈಯಲ್ಲಿ ಹಿಡಿದು, ಮತ್ತೆ ಶೆಲ್ಫಿನಲ್ಲಿಟ್ಟೆ.

ಅವತ್ತು ಅಕ್ಕ ಬೆಂಚಿನ ಮೇಲೆ ಕಾಲು ಕೆಳಗೆ ಬಿಟ್ಟು ಕೂತಿದ್ದಳು. ಸೊರಗಿ ಇಳಿದುಹೋಗಿದ್ದಳು ಎಂದು ಈಗ ಅನ್ನಿಸುತ್ತದೆ, ಆಗ ನಾನು ನೋಡಿದ್ದು ಬ್ಯಾಗನ್ನು. ಅದರ ಬಾಯಿಂದ ಒಂದು ಕಂದು ಬಣ್ಣದ ದೊಡ್ಡ ಕವರು ಇಣುಕುತ್ತಿತ್ತು.

"ಬಂದ್ಯಾ? ಕೂತ್ಕೊ. ಒಂದ್ ಕೆಲ್ಸ ಆಗ್ಬೇಕು ನಿನ್ನಿಂದ" ಎಂದು ಕವರಿಗೆ ಕೈ ಹಾಕಿದಳು.

"ಅಕ್ಕ, ಪ್ಲೀಸ್. ಐ ನೋ ಎವೆರಿಥಿಂಗ್. ನಾನು ಎಲ್ಲೂ ಸೈನ್ ಹಾಕೋಲ್ಲ."

"ಯಾವ್ ಸೈನೇ?"

"ನನ್ನ ಕಣ್ಣು ಮಂಜಾಗಿರೋ ದಿನ ನೋಡ್ಕೊಂಡು ತರ್ತೀಯಲ್ಲ, ಆ ಸೈನು."

ಅವಳು ನನ್ನ ಮುಖ ನೋಡಿದಳು. ಕವರನ್ನು ಹಾಗೇ ಒಳಕ್ಕೆ ತಳ್ಳಿದಳು. "ಸರಿ ಬುಡು. ಇಸ್ಟೊಂದ್ ಓದಿದ್ದು ಇದ್ಕಾ?" ಅಂದಳು, ಅಷ್ಟೇ. ಆ ದಿನ ಅವಳು ತಿಂಡಿಯನ್ನೂ ತಂದಿರಲಿಲ್ಲ. ನಾನು ಡಬ್ಬಿಯನ್ನು ಅವಳ ಮಡಿಲಿಗಿಟ್ಟೆ. ಎತ್ತಿದ ಕೂಡಲೇ ತೂಕದಲ್ಲೇ ತಿಳಿಯಿತು ಅವಳಿಗೆ. ಡಬ್ಬಿ ಹಿಡಿದುಕೊಂಡೇ ಎದ್ದಳು.

ಆಮೇಲಿನ ತಿಂಗಳುಗಳಲ್ಲಿ ನಾನು ಮೆಜೆಸ್ಟಿಕ್‌ನಲ್ಲಿ ಇಳಿಯಲಿಲ್ಲ. ಬಾಗಿಲು ತೆರೆದು ಮುಚ್ಚುವಷ್ಟು ಹೊತ್ತೂ ಕಣ್ಣು ಮುಚ್ಚಿ ಕೂತಿರುತ್ತಿದ್ದೆ. ಅವಳ ಮಗಳ ಮನೆಯ ಹೊಸಲು ನಾನು ಮೊದಲು ದಾಟಿದ್ದು ಅಕ್ಕನ ತಿಥಿಗೆ. ಕಾಫಿ ಕೊಡುತ್ತಾ ಆ ಹುಡುಗಿ ಹೇಳಿದಳು: "ಅವತ್ತು ಅಮ್ಮ ಸ್ಕ್ಯಾನ್ ರಿಪೋರ್ಟ್ ತಂದಿದ್ರಲ್ಲ ಚಿಕ್ಕಮ್ಮ. ನಾನು ಏನೋ ಮುಚ್ಚಿಡ್ತಿದ್ದೀನಿ ಅಂತ ಅವ್ರಿಗೆ ಅನುಮಾನ. ‘ನನ್ ತಂಗಿ ಓದಿ ಇದ್ದದ್ದು ಇದ್ದಂಗೆ ಯೋಳ್ತಾಳೆ, ಕಾನ್ವೆಂಟ್ನಾಗೆ ಸುಳ್ಳು ಯೋಳಿದ್ರೆ ಮಂಡಿ ಊರಿಸ್ತಿದ್ರಂತೆ’ ಅಂದ್ರು. ನೀವು ಓದಿದ್ರಾ?"

"ಇಲ್ಲಮ್ಮ" ಅಂದೆ. ಮನೆ ಮಾರುವ ಪೇಪರ್ ಏನಾದರೂ ಇತ್ತೇ ಎಂದು ಕೇಳಿದೆ. ಅವಳಿಗೆ ಅರ್ಥವೇ ಆಗಲಿಲ್ಲ.

ಅಕ್ಕನನ್ನು ನಾನು ಕಡೆಯದಾಗಿ ಕಂಡದ್ದು ಬರಿ ಡಬ್ಬಿ ಕೊಟ್ಟ ಆ ದಿನವೇ, ಹಸಿರು ಲೈನಿನ ಮೆಟ್ಟಿಲಿನ ಮೇಲೆ. ಡ್ರಾಪ್ಸ್ ಹಾಕಿದ ಕಣ್ಣಿಗೂ ದೂರದ್ದು ಕಾಣುತ್ತದೆ. ಕಂಬಿ ಹಿಡಿದು ನಡುವೆ ನಿಂತಳು. ಎರಡೂ ಕಡೆಯಿಂದ ಜನ ಅವಳನ್ನು ತಳ್ಳಿಕೊಂಡು ಹೋಗುತ್ತಿದ್ದರು. ಹೆಬ್ಬೆರಳಿನಿಂದ ಒತ್ತಿ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ನೋಡಿದಳು. ಆಮೇಲೆ ಮುಡಿಗೆ ಕೈ ಹಾಕಿ ಕನಕಾಂಬರದ ಎರಡು ಹೂವು ಕಿತ್ತು ಒಳಗೆ ಹಾಕಿ, ಮುಚ್ಚಳ ಒತ್ತಿ, ಹೊರಟುಹೋದಳು.