ರಾಮಬಾಣದ ಬೆನ್ನು ಹತ್ತಿ ಮೂರು ಊರು

ಬೆಳಿಗ್ಗೆ ಏಳಕ್ಕೆ ಗದಗ ನಿಲ್ದಾಣದಲ್ಲಿ ಇಳಿದೆ. ಮೈಸೂರಿನಿಂದ ನಾನು ಬಂದದ್ದು ಊರು ನೋಡಲಿಕ್ಕಲ್ಲ, ನಾನೇ ಆಡಿದ ಒಂದು ಮಾತನ್ನು ವಾಪಸು ಪಡೆಯಲು. ಮಕ್ಕಳಿಗೆ ಕನ್ನಡ ಕಲಿಸಿ ಕಲಿಸಿ ಸಾದಾ ಮಾತಿಗೂ ಅಲಂಕಾರ ಹಚ್ಚುವುದು ನನಗೆ ಚಟವಾಗಿಬಿಟ್ಟಿದೆ. ಬೆಟಗೇರಿಯಲ್ಲಿ ಸೀರೆ ನೇಯುವ ನನ್ನ ದೊಡ್ಡಪ್ಪನ ಮಗಳು ನೀಲವ್ವನಿಗೆ ಬಿ.ಪಿ. ಜಾಸ್ತಿ ಎಂದು ಡಾಕ್ಟರು ಗುಳಿಗೆ ಬರೆದುಕೊಟ್ಟಾಗ ಫೋನಿನಲ್ಲಿ ಧೈರ್ಯ ಹೇಳಿದ್ದೆ: "ಹೆದರಬ್ಯಾಡಕ್ಕಾ, ಈ ಗುಳಿಗಿ ಬಿ.ಪಿ.ಗೆ ರಾಮಬಾಣ." ಒಂದು ತಿಂಗಳು ನುಂಗಿದಳು, ಬಿ.ಪಿ. ಇಳಿಯಿತು, ನಿಲ್ಲಿಸಿಬಿಟ್ಟಳು. ಹೋದ ವಾರ ಮಗ್ಗದ ಮುಂದೆಯೇ ಕಣ್ಣು ಕತ್ತಲಾಗಿ ಬಿದ್ದಳಂತೆ. ಅವಳ ಅವ್ವ ಬಿ.ಪಿ. ಏರಿಯೇ ಲಕ್ವಾ ಹೊಡೆದು ಆರು ವರ್ಷ ಹಾಸಿಗೆ ಹಿಡಿದವಳು. ಅಕ್ಕನಿಗೂ ಹಾಗಾದರೆ ಎಂಬ ಹೆದರಿಕೆಯಲ್ಲಿ ರೈಲಿನಲ್ಲಿ ನನಗೆ ನಿದ್ದೆ ಹತ್ತಿರಲಿಲ್ಲ.

ಬೆಟಗೇರಿಗೆ ಆಟೋದವನು ಎಂಬತ್ತು ರೂಪಾಯಿ ತೆಗೆದುಕೊಂಡ. ನೀಲವ್ವ ಚಹಾ ಕೊಟ್ಟಳು, ಜೊತೆಗೆ ಬೈಗುಳ.

"ರಾಮ ಎಷ್ಟ ಬಾಣ ಬಿಡತಾನಲೇ? ಒಂದ! ನಾ ಮೂವತ್ತು ನುಂಗೀನಿ. ಇಷ್ಟಾದಮ್ಯಾಲೂ ಬಿ.ಪಿ. ಸಾಯಲಿಲ್ಲಂದ್ರ ನಿನ್ನ ಬಾಣನ ಖೊಟ್ಟಿ. ನಾ ಮುಂಡರಗಿ ಅತ್ತಾರ ಅಜ್ಜನ ಕಡೆ ಗಾವಠಿ ಔಷಧ ತರಾಕ ಹೊಂಟೀನಿ. ಅವರು ಹೇಳಿದ್ದು ಕೇಳತೀನಿ, ನಿಂದಲ್ಲ."

"ಆತು, ನಾನೂ ಬರ್ತೀನಿ," ಎಂದೆ. ಬೇರೆ ದಾರಿ ಇರಲಿಲ್ಲ.

ಮುಂಡರಗಿಗೆ ನೆಟ್ಟಗೆ ಬಸ್ಸಿದ್ದರೂ ಅವಳು ಲಕ್ಷ್ಮೇಶ್ವರದ ಬಸ್ಸು ಹತ್ತಿಸಿದಳು. ಅಲ್ಲಿ ಯಾರೋ 'ಸಂಜೀವಿನಿ' ಬೇರು ಮಾರುತ್ತಾರಂತೆ. ನನ್ನ ಟಿಕೆಟ್ಟಿಗೆ ಐವತ್ತೈದು ರೂಪಾಯಿ, ಹೆಂಗಸರಿಗೆ ಪುಕ್ಕಟೆಯಾದ್ದರಿಂದ ಅವಳಿಗೆ ಸೊನ್ನೆ. ಆ ಸೊನ್ನೆ ಟಿಕೆಟ್ಟನ್ನೂ ನನ್ನ ಮುಖಕ್ಕೆ ಹಿಡಿದು ನಕ್ಕಳು. ಎರೆಹೊಲದ ಗಾಳಿ ಒಳಗೆ ನುಗ್ಗುತ್ತಿತ್ತು. ನಮ್ಮ ಕಿಟಕಿ ತಾನಾಗಿಯೇ ತೆರೆದುಕೊಳ್ಳುತ್ತಿತ್ತು. ಕಂಡಕ್ಟರ್ ಬಂದು ಮುಷ್ಟಿಯಿಂದ ಗುದ್ದಿ ಮುಚ್ಚಿದ. "ಇದಕ್ಕ ಇದ ರಾಮಬಾಣ ನೋಡ್ರಿ!" ಎಂದ. ಲಕ್ಷ್ಮೇಶ್ವರ ಮುಟ್ಟುವುದರೊಳಗೆ ಅವನು ಅದನ್ನು ನಾಲ್ಕು ಸಲ ಗುದ್ದಿದ.

ಲಕ್ಷ್ಮೇಶ್ವರದ ಬಸ್ ನಿಲ್ದಾಣದ ಹೊರಗೆ ಒಬ್ಬ ಬಟ್ಟೆ ಹಾಸಿ ಬೇರು ಹರಡಿಕೊಂಡಿದ್ದ. ಮಂಡಿನೋವು, ಮೂಲವ್ಯಾಧಿ, ಬಿ.ಪಿ., ಶುಗರ್, ಗಂಡನ ಕುಡಿತ, ಎಲ್ಲಕ್ಕೂ ಒಂದೇ ಸಂಜೀವಿನಿ. ನೀಲವ್ವ ನೂರು ರೂಪಾಯಿ ಕೊಟ್ಟು ಒಂದು ತುಂಡು ಸೆರಗಿಗೆ ಕಟ್ಟಿಕೊಂಡಳು.

ಶಿರಹಟ್ಟಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಬಿಸಿಲು ಏರಿತ್ತು. ಗಿರಮಿಟ್ಟು, ಮಿರ್ಚಿ ತಿಂದೆವು. ಮಿರ್ಚಿ ಕರಿಯುತ್ತಿದ್ದಾಕೆ ತನ್ನ ಮಿರ್ಚಿ ನೆಗಡಿಗೆ ರಾಮಬಾಣವೆಂದಳು. ನೀಲವ್ವ ನಗುತ್ತಾ ಎದ್ದವಳು ಹಾಗೇ ಕಂಬ ಹಿಡಿದು ಮೆಟ್ಟಿಲ ಮೇಲೆ ಕುಸಿದಳು. ಕೈ ತಣ್ಣಗಿತ್ತು. "ತಿರುಗಿ ಹೋಗೂಣಕ್ಕಾ, ದವಾಖಾನಿಗೆ," ಎಂದು ಅಂಗಲಾಚಿದೆ. ನೀರು ಕುಡಿದು ಸುಧಾರಿಸಿಕೊಂಡು, "ಮೊದಲ ಮುಂಡರಗಿ ಆಗಲಿ," ಎಂದಳು. ಎಂಥ ಹಟ ಮಾರಾಯರೇ!

ಸುಗಂಧ, ಗಿಡಮೂಲಿಕೆ ಮಾರುವ ಮುಂಡರಗಿಯ ಆ ಅತ್ತಾರ ಅಂಗಡಿ ನಾಲ್ಕು ಹೆಜ್ಜೆ ಅಗಲ. ಲೋಬಾನ, ಕುಂಕುಮ, ಅಳಲೆಕಾಯಿಯ ಡಬ್ಬಿಗಳ ನಡುವೆ ಬಿಳಿಗಡ್ಡದ ಅಜ್ಜ. "ಬರ್ರಿ, ಕುಂಡ್ರಿ," ಎಂದವರು ನೀಲವ್ವ ಸೆರಗಿನಿಂದ ಬಿಚ್ಚಿಕೊಟ್ಟ ಬೇರನ್ನು ಮೂಸಿ ನೋಡಿ ನಕ್ಕು ಬದಿಗಿಟ್ಟರು. ಗುಳಿಗೆಯ ಕಥೆಯನ್ನೆಲ್ಲ ಕೇಳಿದರು. ಆಮೇಲೆ ಗಲ್ಲಾಪೆಟ್ಟಿಗೆ ಎಳೆದು ಅರ್ಧ ಖಾಲಿಯಾದ ಗುಳಿಗೆ ಪಾಕೀಟು ತೋರಿಸಿದರು.

"ಬಿ.ಪಿ.ದು. ಹನ್ನೊಂದು ವರ್ಷ ಆತವ್ವಾ, ದಿನಾ ನುಂಗತೀನಿ."

ನೀಲವ್ವ ಕಣ್ಣರಳಿಸಿದಳು. "ಅಂದ್ರ ರಾಮಬಾಣ ಅನ್ನೂದ ಸುಳ್ಳೇನ್ರಿ ಅಜ್ಜಾ?"

"ಸುಳ್ಳಲ್ಲ, ಖರೇನ ಐತಿ. ಹರೇದಾಗ ನಮ್ಮೂರ ದೊಡ್ಡಾಟದಾಗ ನಾ ರಾವಣ ಆಗತಿದ್ನಿ. ಒಂದ ಬಾಣಕ್ಕ ಬಿದ್ದಿದ್ರ ಮಂದಿ ಜಲ್ದಿ ಮನಿಗೆ ಹೋಗತಿದ್ರು! ರಾಮ ಒಂದು ತಲಿ ಹಾರಸಾಂವ, ನಾ ಮತ್ತೊಂದು ತಲಿ ಎತ್ತಾಂವ. ಪಾಪ, ರಾಮನ ಪಾರ್ಟಿನಾಂವಗ ರಟ್ಟಿ ನೋಯತಿದ್ದವು. ಈ ಬಿ.ಪಿ.ನೂ ಅಂಥಾ ರಾವಣನ ನೋಡು. ಇವತ್ತ ತಲಿ ಕಡದ್ರ ನಾಳೆ ಹುಟ್ಟತೈತಿ. ನೀ ಬಾಣ ಬಿಡೂದು ನಿಲ್ಲಿಸಿದಿ, ಅವ್ವಾ."

ನೀಲವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಇಪ್ಪತ್ತೆಂಟು ವರ್ಷ ಪಾಠ ಹೇಳಿದ ನನಗೆ ಹೊಳೆಯದ್ದು ಆ ಅಜ್ಜನಿಗೆ ಹೊಳೆದಿತ್ತು. ನನ್ನ ಮಾತನ್ನು ಅವರು ಕಿತ್ತು ಹಾಕಲಿಲ್ಲ, ನೆಟ್ಟಗೆ ಮಾಡಿಕೊಟ್ಟರು. ನಾನು ಅವರ ಕಾಲು ಮುಟ್ಟಿದೆ. ಔಷಧ ಕೊಡಲಿಲ್ಲವೆಂದು ಅಜ್ಜ ದುಡ್ಡು ಮುಟ್ಟಲಿಲ್ಲ. ಒಂದು ಪೊಟ್ಟಣ ಲೋಬಾನ ಕೊಂಡೆವು.

ಮರುದಿನ ಗದಗಿನ ದವಾಖಾನೆಯಲ್ಲಿ ಡಾಕ್ಟರು ಬಿ.ಪಿ. ನೋಡಿ ಬೈದು ಗುಳಿಗೆ ಬರೆದುಕೊಟ್ಟರು. ದಿನಾ ಸಂಜೆ ಒಂದು, ತಪ್ಪಿಸುವಂತಿಲ್ಲ. ಸಂಜೆಯ ರೈಲಿಗೆ ನನ್ನನ್ನು ಕಳಿಸಲು ಬಂದ ನೀಲವ್ವ ನನ್ನ ಬಾಟಲಿಯ ನೀರಿನಲ್ಲೇ ಗುಳಿಗೆ ನುಂಗಿದಳು. ರೈಲು ಹೊರಟಿತು. ಕಿಟಕಿಯಿಂದ ನೋಡಿದೆ. ಅವಳು ಎರಡೂ ಕೈ ಎತ್ತಿ ಹತ್ತು ಬೆರಳು ತೋರಿಸಿ, ಒಂದನ್ನು ಮಡಚಿದಳು. ಆಮೇಲೆ ನಗುತ್ತಾ ಅದನ್ನು ಮತ್ತೆ ಬಿಚ್ಚಿ ಕೂಗಿದಳು:

"ನಾಳೆ ಹುಟ್ಟತೈತಲೇ ತಮ್ಮಾ! ಹುಟ್ಟಲಿ, ಬಾಣ ಅದಾವು!"