ವಿಠ್ಠಲನಿಗೆ ಬಲಗೈ

ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದ ನನ್ನ ಯಜಮಾನರಿಗೆ ಕಂಪ್ಯೂಟರ್ ಎಂದರೆ ಅಷ್ಟಕ್ಕಷ್ಟೆ. ನಾನೋ, ಬ್ಯಾಂಕಿನಲ್ಲಿ ಅದರ ಜೊತೆ ಜಗಳವಾಡಿಯೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವಳು. ಚಳಿಗಾಲದಲ್ಲಿ ಲಕ್ವಾ ಹೊಡೆದು ಅವರ ಬಲಗೈ ಸೋತ ಮೇಲೆ, ಎಡಗೈಗೆ ಮೌಸ್ ಕೊಟ್ಟವಳು ನಾನೇ.

ಸಂತರ ಪಾದುಕೆ ಹೊತ್ತ ಪಲ್ಲಕ್ಕಿ, ಇಲ್ಲಿಯವರ ಪಾಲಖಿ, ನಮ್ಮೂರು ದಾಟಿ ಸಾಸವಡದ ಕಡೆ ಹೊರಡುವ ದಿನ ನಮ್ಮ ಹೌಸಿಂಗ್ ಸೊಸೈಟಿಯವರು ವಿಠ್ಠಲನ ದರ್ಶನಕ್ಕೆ ಅದರ ಜೊತೆ ನಡೆದುಹೋಗುವ ವಾರಕರಿಗಳಿಗೆ ಚಹಾ ಕೊಡುತ್ತಾರೆ. ಅಲ್ಲಿ ಕಟ್ಟುವ ವಿಠ್ಠಲನ ಚಿತ್ರ ಪ್ರತಿ ವರ್ಷವೂ ಇವರದೇ. ಈ ಸಲ ಸೆಕ್ರೆಟರಿ ಬಂದು, ನಿಮಗೆ ತೊಂದರೆ ಬೇಡ, ಪೇಟೆಯಿಂದ ಪೋಸ್ಟರ್ ತರುತ್ತೇವೆ ಎಂದು ಮರಾಠಿಯಲ್ಲಿ ನಯವಾಗಿ ಹೇಳಿಹೋದರು. ಇವರು ನಕ್ಕು ಆಗಲಿ ಎಂದರು. ಊಟಕ್ಕೆ ಕೂತಾಗ ಚಮಚದಿಂದ ಅನ್ನ ಕಲಸುತ್ತಲೇ ಇದ್ದರು, ಉಣ್ಣಲಿಲ್ಲ.

ಮರುದಿನವೇ ಪುಕ್ಕಟೆ ಸಿಗುವ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಒಂದನ್ನು ಹಾಕಿದೆ. ಮೌಸ್ ಎಡಗೈಯಲ್ಲಿದ್ದರೆ ತೋರುಬೆರಳು ಬಲಬದಿಯ ಬಟನ್ ಮೇಲೆ ಬೀಳುತ್ತದೆ. ಅದನ್ನು ಒತ್ತಿದರೆ ಗೆರೆ ಬೀಳುವ ಬದಲು ಬಣ್ಣದ ಚಕ್ರ ತೆರೆದುಕೊಳ್ಳುತ್ತಿತ್ತು. ಇವರು ಬೆಚ್ಚಿಬಿದ್ದು ಮೌಸನ್ನೇ ಬಿಟ್ಟುಬಿಡುತ್ತಿದ್ದರು. ಸೆಟ್ಟಿಂಗ್ಸ್‌ಗೆ ಹೋಗಿ ಬಲ ಬಟನ್‌ಗೆ ಕುಂಚ, ಎಡ ಬಟನ್‌ಗೆ ಬಣ್ಣದ ಚಕ್ರ ಎಂದು ಅದಲುಬದಲು ಮಾಡಿದೆ. ಕೆಲವೇ ದಿನಗಳಲ್ಲಿ ಮಾವಿನಕಾಯಿ ಬಿಡಿಸಿದರು. ನನ್ನ ಮೂಗನ್ನೂ ಬಿಡಿಸಿದರು, ಇದ್ದದ್ದಕ್ಕಿಂತ ದೊಡ್ಡದಾಗಿ. ಆದರೆ ವಿಠ್ಠಲ ಎಂದ ಕೂಡಲೇ ಮೌಸ್ ಬದಿಗೆ ಸರಿಸಿದರು.

"ಎಡಗೈಲೆ ದೇವರನ್ನ ತಗ್ಯಾಂಗಿಲ್ಲ ನಾ."

ದೇವರಿಗೆ ಬೇರೆ ಕೆಲಸವಿಲ್ಲವೇ, ನಿಮ್ಮ ಕೈ ನೋಡುತ್ತ ಕೂರಲಿಕ್ಕೆ ಎಂದು ರೇಗಿದೆ. ಆದರೆ ಅವರು ಹೇಳಿದ್ದು ನನಗೂ ಗೊತ್ತಿತ್ತು. ನಮ್ಮ ಮನೆಗಳಲ್ಲಿ ಎಡಗೈಯಿಂದ ಎಲೆ ಅಡಿಕೆಯನ್ನೂ ಕೊಡುವುದಿಲ್ಲ. ಕೊಡಲೇಬೇಕಾಗಿ ಬಂದರೆ ಬಲಗೈಯನ್ನು ಸೋಕಿಸಿಯಾದರೂ ಕೊಡುತ್ತೇವೆ. ಮತ್ತೆ ಸೆಟ್ಟಿಂಗ್ಸ್ ತೆರೆದೆ. ಕೀಬೋರ್ಡಿನ ಶಿಫ್ಟ್ ಕೀ ಒತ್ತಿದ್ದರೆ ಮಾತ್ರ ಮೌಸಿನ ಕುಂಚ ಗೆರೆ ಎಳೆಯಬೇಕು ಎಂದು ಬದಲಿಸಿ, ಅವರ ಬಲಗೈಯನ್ನು ಎತ್ತಿ ಆ ಕೀ ಮೇಲಿಟ್ಟೆ.

"ಬಲಗೈ ಹಚ್ಚದ ಒಂದ್ ಗೆರಿನೂ ಬೀಳೂದಿಲ್ಲ ಈಗ. ಆತಲ್ರಿ?"

ಇವರು ಒಪ್ಪಿದರು. ಬೆರಳು ಒಪ್ಪಲಿಲ್ಲ. ಕೀ ಮೇಲಿಂದ ಸುಮ್ಮನೆ ಜಾರುತ್ತಿತ್ತು. ಕೊನೆಗೆ ಅವರ ಬೆರಳಿನ ಮೇಲೆ ನನ್ನ ಬೆರಳಿಟ್ಟು ನಾನೇ ಒತ್ತತೊಡಗಿದೆ. ದಿನಾ ಬೆಳಿಗ್ಗೆ ತಿಂಡಿ ಮುಗಿಸಿ ಇಬ್ಬರೂ ಒಂದೇ ಮೇಜಿಗೆ ಕೂರುತ್ತಿದ್ದೆವು. ಒತ್ತು, ಬಿಡು, ಅವಸರ ಮಾಡಬೇಡ ಎಂದು ಮೇಷ್ಟ್ರು ನನ್ನನ್ನು ಗದರುವುದೇ ಗದರುವುದು. ಸಾಯಲಿ ಎಂದು ಸಹಿಸಿಕೊಂಡೆ. ವಿಠ್ಠಲನ ಮುಖ ಮೂಡಿದ ದಿನ ಸೆಕ್ರೆಟರಿಗೆ ಫೋನ್ ಮಾಡಿ, ಪೋಸ್ಟರ್ ತರಬೇಡಿ ಎಂದು ಖಡಕ್ಕಾಗಿ ಹೇಳಿದೆ.

ಆಮೇಲೆ ಕೊರಳಿನ ತುಳಸಿಮಾಲೆ. ಒಂದೊಂದು ಎಲೆಗೂ ಕೀ ಒತ್ತಿ ಬಿಡಬೇಕು. ಅರ್ಧದಲ್ಲಿ ಗ್ಯಾಸ್ ಸಿಲಿಂಡರ್‌ನವನು ಬೆಲ್ ಮಾಡಿದ. ಸುಮ್ಮನೆ ಕೂತಿರಿ, ಬಂದೆ ಎಂದು ಎದ್ದುಹೋದೆ. ಅವನನ್ನು ಕಳಿಸಿ ಬರುವಷ್ಟರಲ್ಲಿ ಮಾಲೆ ಎದೆಯ ತನಕ ಇಳಿದಿತ್ತು. ನೋಡಿದರೆ ಇವರ ಬೆರಳು ಕೀ ಒತ್ತುತ್ತಿತ್ತು, ನಿಧಾನವಾಗಿ, ಆದರೆ ತಾನಾಗಿಯೇ. ನಿಂತಲ್ಲೇ ನನಗೆ ಅಳು ಬಂತು.

ಯಾವಾಗಿನಿಂದ ಎಂದು ಕೇಳಿದೆ. ಸುಮಾರು ದಿನವಾಯಿತು ಎಂದರು, ಪರದೆಯಿಂದ ಕಣ್ಣು ತೆಗೆಯದೆ. ಹಾಗಾದರೆ ಬಾಯಿಬಿಟ್ಟು ಹೇಳಲಿಕ್ಕೆ ಏನಾಗಿತ್ತು ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಜಗಳ ತೆಗೆದೆ.

"ಹೇಳಿದ್ರ ನೀ ಕೈ ತಗದು ಎದ್ದು ಹೋಗ್ತಿದ್ದಿ," ಎಂದರು.

ಮಾಲೆ ಇನ್ನೂ ಮೊಣಕಾಲಿನ ತನಕ ಬರಬೇಕಿತ್ತು. ಕುರ್ಚಿ ಎಳೆದುಕೊಂಡು ಕೂತು, ಅವರ ಬೆರಳಿನ ಮೇಲೆ ಬೆರಳಿಟ್ಟೆ. ಒತ್ತಲಿಲ್ಲ.